ಬೇಟೆಗೆ ಬಿಲ್ಲು ಎಷ್ಟು?

ಪ್ರಶ್ನೆ: ಊರು ಹಾವೇರಿ ಕಡೆ, ಕೆಲಸ ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ನಾನು ಬಂದೂಕು ಮುಟ್ಟಿದವನಲ್ಲ. ಸಹೋದ್ಯೋಗಿಯೊಬ್ಬರು ಬೇಟೆ ರ‍್ಯಾಂಚ್ (ದುಡ್ಡು ಕೊಟ್ಟು ಬೇಟೆಯಾಡುವ ಖಾಸಗಿ ಜಮೀನು) ಒಂದರ ದರಪಟ್ಟಿ ತೋರಿಸಿದರು. ‘ಚುಕ್ಕಿ ಜಿಂಕೆ, ಗಂಡು, 3,200 ಡಾಲರ್’ ಎಂದಿತ್ತು. ಕೆಳಗೆ ನಮ್ಮ ಕೃಷ್ಣಮೃಗ, ನೀಲಗಾಯಿ! ಇವು ಅಲ್ಲಿಗೆ ಹೇಗೆ ಹೋದವು? ಆ 3,200ಕ್ಕೆ ಖರ್ಚು ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ. ಅದು ಬರೀ ಪ್ರಾಣಿಯ ಬೆಲೆ. ಅಲ್ಲಿನವರ ಮಾತಿನಲ್ಲಿ ಟ್ರೋಫಿ ಫೀ. ಮದುವೆ ಖರ್ಚೆಂದು ಛತ್ರದ ಬಾಡಿಗೆಯನ್ನಷ್ಟೇ ಹೇಳಿದಂತೆ.

ಮೊದಲು ಪ್ರಾಣಿಗಳ ವಿಷಯ. ಚುಕ್ಕಿ ಜಿಂಕೆ, ಕೃಷ್ಣಮೃಗ, ನೀಲಗಾಯಿ ಮೂರನ್ನೂ 1920–30ರ ದಶಕಗಳಲ್ಲಿ ಟೆಕ್ಸಸ್‌ನ ದೊಡ್ಡ ಜಮೀನುದಾರರು ತಂದು ಬಿಟ್ಟರು. ನೀಲಗಾಯಿ ದಕ್ಷಿಣದ ಕಿಂಗ್ ರ‍್ಯಾಂಚ್‌ನಲ್ಲಿ ನೆಲೆಯೂರಿತು. ಉಳಿದೆರಡು ಮಧ್ಯ ಟೆಕ್ಸಸ್‌ನ ಕಲ್ಲುಗುಡ್ಡಗಳಲ್ಲಿ ಬೆಳೆದವು. ಒಣಹುಲ್ಲು, ಮುಳ್ಳುಕಂಟಿ, ಬಿಸಿಲು ಇರುವ ಆ ನೆಲ ಅವಕ್ಕೆ ಹೊಸದೆನಿಸಲಿಲ್ಲ. ಎಷ್ಟು ಹೆಚ್ಚಿದವೆಂದರೆ, 1970ರಲ್ಲಿ ಕೃಷ್ಣಮೃಗ ಅಳಿದುಹೋಗಿದ್ದ ಪಾಕಿಸ್ತಾನಕ್ಕೆ ಟೆಕ್ಸಸ್‌ನಿಂದಲೇ ಹತ್ತನ್ನು ಕಳಿಸಿದರು. ಹೊರನಾಡಿನ ಈ ಪ್ರಾಣಿಗಳಿಗೆ ಅಲ್ಲಿ ಬೇಟೆಯ ಋತುವಿಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವು ಹೆಚ್ಚುಕಡಿಮೆ ದನಕುರಿಗಳ ಸಾಲಿನವು. ಹಾಗಾಗಿ ಬೆಲೆ ಕಟ್ಟುವುದು ಸರ್ಕಾರವಲ್ಲ, ಜಮೀನಿನ ಮಾಲೀಕ.

ಈಗ ಖರ್ಚಿನ ಬಿಲ್ಲು ನೋಡೋಣ. ಹೊರರಾಜ್ಯದಿಂದ ಎರಡು ದಿನಕ್ಕೆ ಬಂದವನ ಮಧ್ಯಮ ದರ್ಜೆಯ ಖರ್ಚು ಹೀಗಿರುತ್ತದೆ: ಟ್ರೋಫಿ ಫೀ 3,200. ವಸತಿ, ಊಟ, ಗೈಡ್ ಸೇರಿ ದಿನಕ್ಕೆ 250ರಂತೆ 500. ಐದು ದಿನದ ಲೈಸೆನ್ಸ್ 48. ಗೈಡ್‌ಗೆ ಶೇ 10ರಂತೆ ಟಿಪ್ಸ್ 320. ಮಾಂಸ ಕತ್ತರಿಸಿ ಪ್ಯಾಕ್ ಮಾಡಿಸಲು 200. ತಲೆ–ಕುತ್ತಿಗೆಯನ್ನು ಗೋಡೆಗೆ ಹಾಕುವಂತೆ ಮಾಡಿಸಲು 900. ಒಟ್ಟು 5,168 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 4 ಲಕ್ಷ 40 ಸಾವಿರ. ವಿಮಾನ ಟಿಕೆಟ್ಟು, ಬಂದೂಕು, ಮಾಡಿಸಿದ ತಲೆಯನ್ನು ಮನೆಗೆ ತರಿಸುವ ಸಾಗಣೆ ಇದರಲ್ಲಿ ಸೇರಿಲ್ಲ. 80 ಕಿಲೋ ಗಂಡು ಜಿಂಕೆಯಿಂದ ಮೂಳೆರಹಿತ ಮಾಂಸ 25 ಕಿಲೋ ಆಸುಪಾಸು ಸಿಗುತ್ತದೆ, ಅಂದರೆ ಕಿಲೋಗೆ 200 ಡಾಲರ್ ಬಿತ್ತು! ಮಾಂಸವೇ ಬೇಕಾದವರು ಹೆಣ್ಣು ಜಿಂಕೆ ಕೇಳುತ್ತಾರೆ. ಕೊಂಬಿಲ್ಲದ ಕಾರಣಕ್ಕೆ ಅದು ಕೆಲವೇ ನೂರು ಡಾಲರ್. ಹಿಂಡು ಮಿತಿಮೀರದಿರಲಿ ಎಂದು ಮಾಲೀಕರೇ ಅದನ್ನು ಅಗ್ಗಕ್ಕೆ ಬಿಡುವುದೂ ಉಂಟು.

ಅಂದರೆ ದುಡ್ಡು ಕೊಂಬಿನದು, ಅದೂ ಇಂಚಿನ ಲೆಕ್ಕದಲ್ಲಿ. ಚುಕ್ಕಿ ಜಿಂಕೆಯಲ್ಲಿ 30 ಇಂಚು ಒಂದು ಗಡಿ ಇದ್ದಂತೆ. ಕೊಂಬಿನ ಬುಡದಿಂದ ತುದಿಯವರೆಗೆ ಹೊರಬಾಗನ್ನು ಅನುಸರಿಸಿ ಟೇಪ್ ಹಿಡಿಯುತ್ತಾರೆ. ಅಳತೆ ನಡೆಯುವುದು ಪ್ರಾಣಿ ಬಿದ್ದ ಮೇಲೆ ಎನ್ನುವುದೇ ತೊಡಕು. ‘30ರವರೆಗೆ 3,200’ ಎಂಬ ಪ್ಯಾಕೇಜ್‌ನಲ್ಲಿ ಹೋದವನು ಮುಸ್ಸಂಜೆಯ ಮಬ್ಬಿನಲ್ಲಿ ಹೊಡೆದದ್ದು 32 ಆಗಿದ್ದರೆ ಮೇಲಿನ ಸ್ಲ್ಯಾಬ್‌ನ ದರವೇ ಬೀಳುತ್ತದೆ. ಕೃಷ್ಣಮೃಗದ ಕೊಂಬಿನದು ಇನ್ನೊಂದು ಬಗೆ. ತಿರುಚಿನ ಗುಂಟ ಟೇಪ್ ಸುತ್ತಿದರೆ ಒಂದು ಉದ್ದ, ನೇರ ಹಿಡಿದರೆ ಇನ್ನೊಂದು. ದರ ಯಾವ ಅಳತೆಗೆ ಎಂದು ಮೊದಲೇ ಬರೆಸಿಕೊಳ್ಳದವನು ಆಮೇಲೆ ವಾದಿಸಿ ಗೆದ್ದದ್ದು ಅಪರೂಪ.

ಕರಾರಿನಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ: ರಕ್ತ ಕಂಡರೆ ಪೂರ್ತಿ ಹಣ. ಗುಂಡು ತಗುಲಿದ ಪ್ರಾಣಿ ಸಿಗದೆ ಹೋದರೂ ಅಷ್ಟೇ. ನೀಲಗಾಯಿಯಲ್ಲಿ ಇದು ಹೆಚ್ಚು. ಗಂಡು 250 ಕಿಲೋ ತೂಗುತ್ತದೆ, ಭುಜದ ಚರ್ಮ ದಪ್ಪ. ಗಾಯದಿಂದ ರಕ್ತ ಹೊರಗೆ ಸುರಿಯುವುದು ಕಡಿಮೆಯಾದ್ದರಿಂದ ಮುಳ್ಳುಪೊದೆಯಲ್ಲಿ ಜಾಡು ಹಿಡಿಯುವುದು ಕಷ್ಟ. ಜಿಂಕೆಗೆ ಸಾಕಾಗುವ ಸಣ್ಣ ಕ್ಯಾಲಿಬರ್ (ಗುಂಡಿನ ಗಾತ್ರ) ಬಂದೂಕು ಹಿಡಿದು ಹೋದವರ ದುಡ್ಡು ಹೀಗೇ ಪೊದೆಗೆ ಹೋಗುತ್ತದೆ.

ಗೋಡೆಗೆ ಹಾಕಿಸುವ 900 ಡಾಲರೂ ವ್ಯರ್ಥವಾಗಬಹುದು. ಚುಕ್ಕಿ ಜಿಂಕೆಯ ಕೊಂಬು ಮೆತ್ತನೆಯ ಪೊರೆ ಕಳಚಿ ಗಟ್ಟಿಯಾಗಿರುವುದು ಅಲ್ಲಿ ಬಹುಪಾಲು ಮೇ–ಆಗಸ್ಟ್‌ನಲ್ಲಿ. ಅದೇ ಹೊತ್ತಿಗೆ ಬಿಸಿಲು 38 ಡಿಗ್ರಿ. ತಡಮಾಡದೆ ಸುಲಿದು ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾ ಕೂದಲಿನ ಬುಡ ಸಡಿಲಿಸಿ, ಹದ ಮಾಡುವಾಗ ಕೂದಲು ಕಂತೆಕಂತೆ ಕಿತ್ತು ಬರುತ್ತದೆ. ಚರ್ಮವನ್ನು ಭುಜದ ಹಿಂದಕ್ಕೆ ಸಾಕಷ್ಟು ಬಿಟ್ಟು ಕತ್ತರಿಸಬೇಕು. ಕುತ್ತಿಗೆಯಲ್ಲೇ ಕೊಯ್ದರೆ ತಲೆ–ಕುತ್ತಿಗೆಯ ಆಕಾರದ ಅಚ್ಚಿನ ಮೇಲೆ ಎಳೆದಾಗ ಸಾಲುವುದಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಹೆಸರು ಮಾಡಿದ್ದು ಇದೇ ಕಸುಬಿನಲ್ಲಿ.

ಪ್ರಶ್ನೆ: ಎಚ್1ಬಿ ವೀಸಾದಲ್ಲಿರುವವರು ಹೋಗಬಹುದೇ? ಬರೀ ನೋಡಲು ಹೋದರೆ?

ಉತ್ತರ: ಅಂಥ ವೀಸಾದವರು ಬಂದೂಕು ಹಿಡಿಯುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಆದ್ದರಿಂದ ಸ್ನೇಹಿತನ ರೈಫಲ್ ‘ಒಂದ್ಸಲ ಹಿಡಿದು ನೋಡೋಣ’ ಎನ್ನುವ ಮುಂಚೆಯೇ ಲೈಸೆನ್ಸ್ ಕೈಯಲ್ಲಿರಬೇಕು. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಟೆಕ್ಸಸ್‌ನಲ್ಲಿ ಬೇಟೆ ಶಿಕ್ಷಣದ ನಿಯಮವೂ ಅನ್ವಯಿಸುತ್ತದೆ. ಬರೀ ನೋಡುವವರಿಗೂ ಹಲವು ಕಡೆ ದಿನಕ್ಕೆ 100–150 ಡಾಲರ್ ಇದೆ. ಊಟ, ಹಾಸಿಗೆ, ಜೀಪಿನ ಸೀಟು ಅದರಲ್ಲೇ. ಬುಕಿಂಗ್ ವೇಳೆ ಕೇಳದಿದ್ದರೆ ಕೊನೆಯ ದಿನ ಬಿಲ್ಲಿನಲ್ಲಿ ಕಾಣುತ್ತದೆ.

ಪ್ರಶ್ನೆ: ಸಹೋದ್ಯೋಗಿ ಒಂದು ಜೊತೆ ಕೊಂಬು ಉಡುಗೊರೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಊರಿಗೆ ತರಲೇ?

ಉತ್ತರ: ಬೇಡ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲ ಅನುಸೂಚಿಯದು, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯದು. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದರ ಕೊಂಬು ಇಟ್ಟುಕೊಳ್ಳುವುದೇ ಅಪರಾಧ, ಜೈಲು ಮೂರರಿಂದ ಏಳು ವರ್ಷ. ಟೆಕ್ಸಸ್‌ನ ರಸೀದಿ ತೋರಿಸಿದರೆ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ. ಚುಕ್ಕಿ ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ತಾನಾಗಿ ಉದುರುತ್ತದೆ ನಿಜ. ಆದರೆ ನಮ್ಮ ಕಾಡಿನಲ್ಲಿ ಹಾಗೆ ಉದುರಿದ್ದನ್ನು ಆಯ್ದು ತರುವುದಕ್ಕೂ ಅನುಮತಿ ಇಲ್ಲ. ಉಡುಗೊರೆ ಆಸ್ಟಿನ್‌ನ ಮನೆಯಲ್ಲೇ ಇರಲಿ. ಊರಿಗೆ ಬಂದಾಗ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಬೆಳಗ್ಗೆ ಬೇಗ ಹೋಗಿ, ಬೈನಾಕ್ಯುಲರ್ ಮರೆಯಬೇಡಿ.