ಲ್ಯಾಪ್‌ಟಾಪ್ ಬದಲಿಸೋ ಮುಂಚೆ ಇದನ್ನ ಮಾಡಿ ನೋಡಿ

ಫೋನಿನಲ್ಲಿ ತೆಗೆದ 4ಕೆ ಸಂದರ್ಶನ ಪ್ರೀಮಿಯರ್‌ನಲ್ಲಿ (ಅಡೋಬಿಯ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್) ತಡವರಿಸುತ್ತೆ, ಕ್ಲಿಪ್ ಕತ್ತರಿಸೋ ರೇಜರ್ ಟೂಲ್‌ನಲ್ಲಿ ಕತ್ತರಿಸೋದಕ್ಕೇ ದಿನ ಹೋಗುತ್ತೆ ಅಂದಿದ್ದೀರಿ. ಹೊಸ ಲ್ಯಾಪ್‌ಟಾಪ್ ಈಗಲೇ ಬೇಡ. ಫೋನುಗಳು ಸಾಮಾನ್ಯವಾಗಿ ವಿಡಿಯೋ ಕುಗ್ಗಿಸಿಡೋ ಎಚ್.265 ಫೈಲಿನಲ್ಲಿ ಬಹುತೇಕ ಫ್ರೇಮುಗಳನ್ನ ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕಿ ಕಟ್ಟಬೇಕು, ಅದಕ್ಕೇ ಏದುಸಿರು. ಕ್ಲಿಪ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್ ಕೊಟ್ಟು ಊಟ ಮುಗಿಸಿ ಬನ್ನಿ; ಎಡಿಟ್ ಮಾಡೋಕೆ ಹಗುರವಾದ ನಕಲುಗಳು (ಪ್ರಾಕ್ಸಿ) ತಯಾರಾಗುತ್ತವೆ. ಎಕ್ಸ್‌ಪೋರ್ಟ್ ಮೂಲ ಫೈಲಿನಿಂದಲೇ ಆಗುತ್ತೆ, ಕ್ವಾಲಿಟಿ ಹೋಗಲ್ಲ.

ರೇಜರ್ ಬಿಟ್ಟುಬಿಡಿ, ನಿಜವಾಗಿ ಸಮಯ ಉಳಿಯೋದು ಇಲ್ಲೇ. ಕೀಬೋರ್ಡ್‌ನಲ್ಲಿ ಎಲ್ ಒತ್ತಿ ಪ್ಲೇ ಮಾಡಿ ಕೇಳ್ತಾ ಹೋಗಿ, ಮತ್ತೊಮ್ಮೆ ಒತ್ತಿದರೆ ವೇಗ ಹೆಚ್ಚುತ್ತೆ. ಒಳ್ಳೆ ಉತ್ತರ ಮುಗಿದ ಕಡೆ ಕಂಟ್ರೋಲ್-ಕೆ ಒತ್ತಿ, ಅಲ್ಲೇ ಕ್ಲಿಪ್ ತುಂಡಾಗುತ್ತೆ. ಮುಂದಿನ ಒಳ್ಳೆ ಮಾತು ಶುರುವಾಗೋ ಕಡೆ ನಿಲ್ಲಿಸಿ ಕ್ಯೂ ಒತ್ತಿ: ನಡುವಿನ ಹರಟೆ ಅಳಿಸಿಹೋಗಿ ಖಾಲಿ ಜಾಗವೂ ತಾನೇ ಮುಚ್ಚಿಕೊಳ್ಳುತ್ತೆ. ಮೈಕ್ ಆಡಿಯೋ ಬೇರೆ ಟ್ರ್ಯಾಕ್‌ನಲ್ಲಿದ್ದರೆ ಅದನ್ನೂ ಟಾರ್ಗೆಟ್ ಮಾಡಿರಿ (ಕತ್ತರಿಸೋದು ಆ ಟ್ರ್ಯಾಕ್‌ಗೂ ಅನ್ವಯಿಸೋ ಹಾಗೆ ಆರಿಸಿರಿ), ಇಲ್ಲಾಂದ್ರೆ ತುಟಿಗೂ ಮಾತಿಗೂ ತಾಳೆಯಾಗಲ್ಲ.