ಆಲ್ಬಟ್ರಾಸ್ ನೋಡಲು ಯಾವ ತಿಂಗಳು, ಎಷ್ಟು ನಡಿಗೆ?

ಪ್ರಶ್ನೆ: ನಿವೃತ್ತ ಶಿಕ್ಷಕರಾದ ನಾನು ಮತ್ತು ನನ್ನ ಪತ್ನಿ ಮಗಳೊಂದಿಗೆ ಈಕ್ವೆಡಾರ್‌ನ ಗ್ಯಾಲಪಗೋಸ್ ದ್ವೀಪಗಳಿಗೆ ಹಡಗಿನಲ್ಲಿ ಹೋಗಬೇಕೆಂದಿದ್ದೇವೆ. ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳನ್ನು ನೋಡುತ್ತಾ ಬಂದವರು ನಾವು. ಗ್ಯಾಲಪಗೋಸ್‌ನಲ್ಲಿ ಹಕ್ಕಿಗಳು ಕಾಲ ಬಳಿಯೇ ಕೂರುತ್ತವಂತೆ, ನಿಜವೇ? ಅಲ್ಲಿನ ಎಸ್ಪಾನ್ಯೋಲಾ ದ್ವೀಪದ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯನ್ನು ನೋಡಲು ಯಾವ ತಿಂಗಳು ಸೂಕ್ತ? ನನಗೆ ಮಂಡಿನೋವಿದೆ.
– ಓದುಗರು, ಶಿರಾ

ಉತ್ತರ: ನಿಜ. ಆದರೆ ಕಾರಣ ಬೇರೆ. ಕಗ್ಗಲಡುವಿನ ಜನ ಕಾಪಾಡಿಕೊಂಡು ಬಂದದ್ದರಿಂದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಗ್ಯಾಲಪಗೋಸ್‌ನಲ್ಲಾದರೋ ನೆಲದ ಮೇಲೆ ಬೇಟೆಯಾಡುವ ದೊಡ್ಡ ಪ್ರಾಣಿಗಳಿಲ್ಲದೆ ವಿಕಾಸಗೊಂಡ ಹಕ್ಕಿಗಳು ನಮ್ಮನ್ನು ಕಂಡು ಹೆದರುವುದನ್ನೇ ಕಲಿತಿಲ್ಲ. ಹೀಗಾಗಿಯೇ ಎರಡು ಮೀಟರ್ ದೂರವಿರಬೇಕೆಂಬ ನಿಯಮವಿದೆ, ಮಾರ್ಗದರ್ಶಿಯಿಲ್ಲದೆ ದಡದಲ್ಲಿ ಅಡ್ಡಾಡುವಂತಿಲ್ಲ. ಅಲ್ಲಿನ ಅಣಕು ಹಕ್ಕಿ (ಮಾಕಿಂಗ್‌ಬರ್ಡ್) ನಿಮ್ಮ ನೀರಿನ ಬಾಟಲಿಯ ಮೇಲೇ ಬಂದು ಕುಳಿತು ಕೊಕ್ಕಾಡಿಸಿದರೂ ದಯವಿಟ್ಟು ಒಂದು ಹನಿಯನ್ನೂ ಕೊಡಬೇಡಿ.

ಆಲ್ಬಟ್ರಾಸ್‌ಗಳು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಸ್ಪಾನ್ಯೋಲಾದಲ್ಲಿರುತ್ತವೆ. ಜೂನ್ ಕಳೆದ ಮೇಲೆ ಸಮುದ್ರದ ಅಲೆ ಹೆಚ್ಚುವುದರಿಂದ, ವಯಸ್ಸಾದವರಿಗೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಡಗು ಸಾಮಾನ್ಯವಾಗಿ ರಾತ್ರಿಯಿಡೀ ಸಾಗಿ ಬೆಳಗ್ಗೆ ಪುಂಟಾ ಸುವಾರೆಸ್ ಎಂಬಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ರಬ್ಬರ್ ದೋಣಿಯಲ್ಲಿ ಹೋಗಿ, ದೋಣಿಯವರ ಮುಂಗೈ ಹಿಡಿದು ಬಂಡೆಯ ಮೇಲೆ ಕಾಲಿಡಬೇಕು. ಮುಂದಿನ ದಾರಿ ಗುಂಡುಕಲ್ಲುಗಳದ್ದು, ಮಂಡಿಗೆ ಇದೇ ಕಷ್ಟದ ಭಾಗ. ತುದಿಗೆ ರಬ್ಬರ್ ಇರುವ ಊರುಗೋಲು ಒಯ್ಯಿರಿ, ನಿಧಾನವಾಗಿ ನಡೆಯುವವರೆಂದು ಮಾರ್ಗದರ್ಶಿಗೆ ಮೊದಲೇ ತಿಳಿಸಿರಿ.

ಆ ಕಷ್ಟಕ್ಕೆ ತಕ್ಕ ನೋಟವೂ ಅಲ್ಲಿದೆ. ಜೋಡಿ ಆಲ್ಬಟ್ರಾಸ್‌ಗಳು ಎದುರುಬದುರು ನಿಂತು, ಹಳದಿ ಕೊಕ್ಕುಗಳನ್ನು ಕೋಲಾಟದ ಕೋಲುಗಳಂತೆ ಟಕಟಕನೆ ತಾಗಿಸಿ, ಕತ್ತು ನೆಟ್ಟಗೆ ಮೇಲೆತ್ತಿ ಕೂಗುತ್ತವೆ. ಮತ್ತೆ ಬಾಗಿ ಮೊದಲಿನಿಂದ ಶುರುಮಾಡುತ್ತವೆ. ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಗಳ ಈ ಹಕ್ಕಿ ನೆಲದ ಮೇಲೆ ಓಲಾಡುತ್ತಾ ನಡೆದು, ಕಡಿದಾದ ಬಂಡೆಯ ಅಂಚಿಗೆ ಬಂದು, ಎದುರುಗಾಳಿಗೆ ರೆಕ್ಕೆ ಬಿಚ್ಚಿ ಧುಮುಕುತ್ತದೆ. ಫೋಟೋ ಸಾಕಷ್ಟಾದ ಮೇಲೆ ಕ್ಯಾಮೆರಾ ಇಳಿಸಿ, ಒಂದೇ ಜೋಡಿಯನ್ನು ಹತ್ತು ನಿಮಿಷ ನೋಡಿರಿ.

ಮಧ್ಯಾಹ್ನ ನೋಡುವ, ಅದೇ ದ್ವೀಪದ ಗಾರ್ಡ್ನರ್ ಕೊಲ್ಲಿ ಸುಲಭ. ಮೊಣಕಾಲುದ್ದ ನೀರಿಗಿಳಿದು ದಡ ಸೇರಿದರೆ ಸಮತಟ್ಟಾದ ಬಿಳಿ ಮರಳು, ಅದರ ಮೇಲೆ ಮಲಗಿರುವ ಕಡಲ ಸಿಂಹಗಳು.

ಇನ್ನೊಂದು ಮಾತು. ಹುಣಸೆ ಬೀಜವಾಗಲಿ, ಹಣ್ಣಾಗಲಿ ಚೀಲದಲ್ಲಿ ಉಳಿಯದಂತೆ ನೋಡಿಕೊಳ್ಳಿ, ತಪಾಸಣೆ ಕಟ್ಟುನಿಟ್ಟಾಗಿದೆ. ಹಿಂದೆ ಹೊರಗಿನಿಂದ ತಂದ ಆಡುಗಳು ಎಸ್ಪಾನ್ಯೋಲಾದ ಹಸಿರನ್ನು ಮೇದು ಮುಗಿಸಿದ್ದರಿಂದ ದೈತ್ಯ ಆಮೆಗಳು ಕೇವಲ 14 ಉಳಿದಿದ್ದವು. ಅವುಗಳನ್ನು ಗ್ಯಾಲಪಗೋಸ್‌ನದೇ ಆದ ಸಾಂಟಾ ಕ್ರೂಜ್ ದ್ವೀಪಕ್ಕೆ ಒಯ್ದು ಸಾಕಿ, ನೂರಾರು ಮರಿಗಳನ್ನು ಎಸ್ಪಾನ್ಯೋಲಾಕ್ಕೆ ಕಳುಹಿಸಿ, ಹಿರಿಯ ಆಮೆಗಳನ್ನು 2020ರಲ್ಲಿ ಮರಳಿ ಬಿಡಲಾಯಿತು.

ಪ್ರತಿ ಹಡಗಿನ ಮಾರ್ಗವನ್ನು ರಾಷ್ಟ್ರೀಯ ಉದ್ಯಾನದವರೇ ಗೊತ್ತುಪಡಿಸುತ್ತಾರೆ, ಎಲ್ಲ ಹಡಗುಗಳೂ ಎಸ್ಪಾನ್ಯೋಲಾಕ್ಕೆ ಹೋಗುವುದಿಲ್ಲ. ಮುಂಗಡ ಹಣ ಕಟ್ಟುವ ಮುನ್ನ ಪ್ರಯಾಣದ ಪಟ್ಟಿಯಲ್ಲಿ ಪುಂಟಾ ಸುವಾರೆಸ್ ಹೆಸರು ಇದೆಯೇ ಎಂದು ಮಗಳಿಂದ ನೋಡಿಸಿರಿ.