ಉಬ್ಬುವ ಫಿಶ್ ಟ್ಯಾಂಕಿಗೆ ಏನು ಮದ್ದು?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಫಿಶ್ ಟ್ಯಾಂಕ್ ಒಂದನ್ನು ತಗೊಂಡಿದ್ದೇನೆ. ಉದ್ದ 180 ಸೆಂ.ಮೀ., ಅಗಲ ಮತ್ತು ಎತ್ತರ 60 ಸೆಂ.ಮೀ. ಗಾಜು 10 ಮಿ.ಮೀ. ದಪ್ಪ. ಮೇಲ್ಗಡೆ ಪೂರ್ತಿ ತೆರೆದಿದೆ. ನೀರು ತುಂಬಿಸಿದರೆ ಮುಂದಿನ ಗಾಜು ನಡುವೆ ಹೊರಕ್ಕೆ ಉಬ್ಬುತ್ತದೆ, ಕಣ್ಣಿಗೇ ಕಾಣುತ್ತದೆ. ಲೀಕ್ ಇಲ್ಲ. ಮೀನು ಇನ್ನೂ ಬಿಟ್ಟಿಲ್ಲ. ಮುಂದುಗಡೆ ಇನ್ನೊಂದು ಗಾಜು ಅಂಟಿಸಿದರೆ ಸರಿಹೋಗುತ್ತದೆಯೇ? ಸ್ನೇಹಿತರು ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿಸು ಅಂತಿದ್ದಾರೆ. ಇನ್ನೊಂದು ಸಣ್ಣ ವಿಷಯ: ಒಳಗಡೆ ಮೇಲಂಚಿನ ಹತ್ತಿರ, ಸರಿಯಾಗಿ ನಡುವೆ, ಒಂದು ಗೇಣು ಉದ್ದದ ಬಿಳಿ ಕಲೆ ಇದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಉತ್ತರ: ಸಣ್ಣ ವಿಷಯ ಅಂತ ನೀವು ಕೊನೆಗೆ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆ ಕಲೆಯನ್ನು ಉಗುರಿನಲ್ಲಿ ಕೆರೆಯಿರಿ. ರಬ್ಬರಿನ ಹಾಗೆ ಸಣ್ಣ ಸುರುಳಿ ಎದ್ದು ಬಂದರೆ ಅದು ಹಳೆಯ ಸಿಲಿಕಾನ್, ಅಂದರೆ ಗಾಜು ಜೋಡಿಸುವ ಅಂಟು. ಹಿಂದಿನ ಗಾಜಿನಲ್ಲೂ ಅದೇ ಎತ್ತರದಲ್ಲಿ, ಅಷ್ಟೇ ಅಗಲದ ಕಲೆ ಇದೆಯಾ ನೋಡಿ. ಇದ್ದರೆ ಅಲ್ಲಿ ಮೊದಲು ಮುಂದಿನ ಗಾಜನ್ನು ಹಿಂದಿನ ಗಾಜಿಗೆ ಸೇರಿಸುವ ಗಾಜಿನ ಅಡ್ಡಪಟ್ಟಿ ಇತ್ತು ಅಂತಲೇ ಲೆಕ್ಕ. ಕೈ ಹಾಕೋಕೆ ಅಡ್ಡ ಬರುತ್ತದೆ ಅಂತ ಯಾರೋ ಕಿತ್ತಿರಬೇಕು, ಇಲ್ಲವೇ ಸಾಗಿಸುವಾಗ ಬಿಟ್ಟುಕೊಂಡಿರಬೇಕು. ಮಾರಿದವರು ಅದನ್ನು ಹೇಳದೆ ಇದ್ದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಪಟ್ಟಿ ಯಾಕೆ ಅಷ್ಟು ಮುಖ್ಯ? 60 ಸೆಂ.ಮೀ. ನೀರು ನಿಂತರೆ ನಿಮ್ಮ ಮುಂದಿನ ಗಾಜಿನ ಮೇಲೆ ಒಟ್ಟು ಸುಮಾರು 320 ಕೆ.ಜಿ. ಭಾರದಷ್ಟು ತಳ್ಳಾಟ ಇರುತ್ತದೆ. ಅರ್ಧ ತುಂಬಿಸಿದಾಗ ಅದರ ಅರ್ಧ ಅಲ್ಲ, ಕಾಲುಭಾಗ ಮಾತ್ರ, ಅಂದರೆ 80 ಕೆ.ಜಿ. ಆಸುಪಾಸು. ಅದಕ್ಕೇ ಅರ್ಧ ತುಂಬಿದ ಟ್ಯಾಂಕ್ ನೋಡಿ ಎಲ್ಲರೂ ಸಮಾಧಾನಪಟ್ಟುಕೊಳ್ಳುವುದು. ಗಾಜಿಗೆ ಕೆಳಗೆ ಮತ್ತು ಎರಡು ಪಕ್ಕ ಆಸರೆ ಇದೆ, ಮೇಲೆ ಮಾತ್ರ ಯಾರೂ ಹಿಡಿದುಕೊಂಡಿಲ್ಲ. ಹಾಗಾಗಿ ಉಬ್ಬು ಮೇಲಂಚಿನ ನಡುವೆಯೇ ಜಾಸ್ತಿ. ಈ ಅಳತೆಗೆ 10 ಮಿ.ಮೀ. ಗಾಜು ಪಟ್ಟಿ ಇದ್ದರೆ ನಡೆಯುತ್ತದೆ. ಪಟ್ಟಿ ಇಲ್ಲದೆ ನಾನಂತೂ ಒಪ್ಪುವುದಿಲ್ಲ.

ಮೊದಲು ಉಬ್ಬು ಎಷ್ಟು ಅಂತ ಅಳೆಯಿರಿ. ಕಣ್ಣಂದಾಜು ಬೇಡ, ನೀರು ತುಂಬಿದ ಗಾಜು ಕಣ್ಣಿಗೆ ಮೋಸ ಮಾಡುತ್ತದೆ. ಮೇಲಂಚಿನ ಎರಡು ತುದಿಗೂ ಹೊರಗಿನಿಂದ 10 ಮಿ.ಮೀ. ದಪ್ಪದ ಒಂದೊಂದು ಗಾಜಿನ ಚೂರು ಟೇಪ್ ಹಾಕಿ ಅಂಟಿಸಿ. ಅವುಗಳ ಮೇಲೆ ದಾರ ಬಿಗಿಯಾಗಿ ಎಳೆದು ಕಟ್ಟಿ. ಈಗ ನಡುವೆ ದಾರಕ್ಕೂ ಗಾಜಿಗೂ ಎಷ್ಟು ಸಂದಿ ಉಳಿದಿದೆ ನೋಡಿ. 6 ಮಿ.ಮೀ. ಇದ್ದರೆ ಉಬ್ಬು 4. ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅಳತೆ ಆದ ಮೇಲೆ ತಡಮಾಡದೆ ನೀರು ಖಾಲಿ ಮಾಡಿ.

ಪಟ್ಟಿ ಹಾಕುವ ಮೊದಲು ಟಾರ್ಚ್ ಹಿಡಿದು ಪ್ರತಿ ಜಾಯಿಂಟನ್ನೂ ನೋಡಬೇಕು. ಒಳಮೂಲೆಯಲ್ಲಿ ಬಳಿದ ಸಿಲಿಕಾನ್ ಅಲ್ಲ, ಎರಡು ಗಾಜುಗಳ ನಡುವೆ ಸಿಕ್ಕಿಕೊಂಡಿರುವ ತೆಳುವಾದ ಗೆರೆ ಇದೆಯಲ್ಲ, ಟ್ಯಾಂಕಿನ ಜೀವ ಇರುವುದು ಅದರಲ್ಲಿ. ಅದು ಉದ್ದಕ್ಕೂ ಒಂದೇ ಬಣ್ಣದಲ್ಲಿ ಕಾಣಬೇಕು. ಅಲ್ಲಲ್ಲಿ ಒಂದೆರಡು ಚಿಕ್ಕ ಗುಳ್ಳೆ ಇದ್ದರೆ ಪರವಾಗಿಲ್ಲ. ಬೆಳ್ಳಗೆ ಮಂಜು ಕವಿದ ಹಾಗೆ ಉದ್ದಕ್ಕೆ ಬಿಟ್ಟುಕೊಂಡಿದ್ದರೆ ಪಟ್ಟಿ ಹಾಕಿ ಪ್ರಯೋಜನವಿಲ್ಲ, ಪೂರ್ತಿ ಬಿಚ್ಚಿ ಹೊಸದಾಗಿ ಕೂಡಿಸಬೇಕು. ಇಷ್ಟು ದಿನ ಉಬ್ಬಿಕೊಂಡೇ ಇದ್ದ ಟ್ಯಾಂಕಿನಲ್ಲಿ ಇಂಥದ್ದು ಹೆಚ್ಚಾಗಿ ಮೂಲೆಗಳ ಮೇಲ್ತುದಿಯಲ್ಲೂ ಕೆಳಗಿನ ಉದ್ದ ಜಾಯಿಂಟಿನ ನಡುವೆಯೂ ಶುರುವಾಗುತ್ತದೆ. ಹಾಗೇ ಗಾಜಿನ ಅಂಚಿನ ಮೇಲೆ ಹುಷಾರಾಗಿ ಬೆರಳಾಡಿಸಿ. ಅಂಚಿನಲ್ಲಿ ಚಕ್ಕೆ ಎದ್ದ ಗಾಜು ಎಷ್ಟೋ ತಿಂಗಳು ಸುಮ್ನಿದ್ದು ಒಂದು ದಿನ ಸೀಳಬಹುದು. ಒತ್ತಡ ಮತ್ತು ತೇವ ಎರಡೂ ಇದ್ದಲ್ಲಿ ಗಾಜಿನ ಬಿರುಕು ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಚಕ್ಕೆ ಕೆಳಭಾಗದಲ್ಲಿದ್ದರೆ ಆ ಗಾಜನ್ನೇ ಬದಲಾಯಿಸಿ.

ಮುಂದೆ ಇನ್ನೊಂದು ಗಾಜು ಅಂಟಿಸುವ ಯೋಚನೆ ಬಿಡಿ. 10ಕ್ಕೆ 10 ಸೇರಿಸಿದರೆ 20 ಆಗುವುದಿಲ್ಲ. ಒಂದೇ ಹಾಳೆಯಾಗಿ 20 ಮಿ.ಮೀ. ಇದ್ದರೆ ಬಿಗುವು ಎಂಟು ಪಟ್ಟು. ಎರಡು ಬೇರೆ ಹಾಳೆ ಜೋಡಿಸಿದರೆ ಹೆಚ್ಚುಕಮ್ಮಿ ಎರಡು ಪಟ್ಟು ಅಷ್ಟೇ, ಯಾಕೆಂದರೆ ನಡುವಿನ ಸಿಲಿಕಾನ್ ಮೆತ್ತಗೆ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಸುತ್ತಲೂ ಪಟ್ಟಿ ಬಿಗಿಸುವ ಉಪಾಯವೂ ಕೇಳೋಕೆ ಚೆನ್ನ. ಆದರೆ ಚೌಕ ಟ್ಯಾಂಕಿಗೆ ಸುತ್ತಿದ ಪಟ್ಟಿ ಹಿಂಡುವುದು ಮೂಲೆಗಳನ್ನು. ನೇರ ಗಾಜಿನ ನಡುವನ್ನು ಅದು ಒಳಕ್ಕೆ ಒತ್ತುವುದೇ ಇಲ್ಲ. ದಪ್ಪ ಆ್ಯಂಗಲ್ಲಿನಿಂದ ವೆಲ್ಡ್ ಮಾಡಿದ ಫ್ರೇಮ್ ಆದರೆ ಬೇರೆ ಮಾತು, ಅದರ ತುಕ್ಕನ್ನು ನೀವೇ ನೋಡಿಕೊಳ್ಳಬೇಕು.

ನಿಮಗೆ ಬೇಕಾದದ್ದು ಎರಡು ಉದ್ದ ಪಟ್ಟಿ, ಒಂದು ಅಡ್ಡಪಟ್ಟಿ. ಎಲ್ಲಾ 10 ಮಿ.ಮೀ. ಗಾಜೇ, ಅಂಚು ಪಾಲಿಶ್ ಆಗಿರಲಿ. ಉದ್ದ ಪಟ್ಟಿಗಳು 7–8 ಸೆಂ.ಮೀ. ಅಗಲ. ಇವನ್ನು ಮುಂದಿನ ಮತ್ತು ಹಿಂದಿನ ಗಾಜಿಗೆ ಒಳಗಿನಿಂದ, ಮೇಲಂಚಿಗಿಂತ ಒಂದೆರಡು ಸೆಂ.ಮೀ. ಕೆಳಗೆ, ಮಲಗಿಸಿದ ಹಾಗೆ ಅಂಟಿಸಬೇಕು. ಗಾಜಿಗೆ ಚಪ್ಪಟೆಯಾಗಿ ಮೆತ್ತಬೇಡಿ. ಮಕ್ಕಳ ಸ್ಕೇಲನ್ನು ಚಪ್ಪಟೆ ಹಿಡಿದರೆ ಬಾಗುತ್ತದೆ, ಅಂಚಿನ ಕಡೆಗೆ ಬಗ್ಗಿಸಲು ಹೋದರೆ ಜಗ್ಗುವುದಿಲ್ಲ, ಅಲ್ವಾ? ಅದೇ ಲೆಕ್ಕ. ಇವುಗಳ ಮೇಲೆ ನಡುವೆ ಅಡ್ಡಪಟ್ಟಿ ಕೂರಬೇಕು. ಅದರ ಅಗಲ 20 ಸೆಂ.ಮೀ. ಇರಲಿ, ಎರಡೂ ಕಡೆ ಉದ್ದ ಪಟ್ಟಿಯ ಪೂರ್ತಿ ಅಗಲಕ್ಕೆ ಹಬ್ಬಲಿ. ಮುಂದಿನ ಗಾಜನ್ನು ಹಿಂದಿನ ಗಾಜಿಗೆ ಕಟ್ಟಿಹಾಕುವುದು ಇದೇ. ಎರಡನ್ನೂ ನೀರು ಎದುರುಬದುರು ತಳ್ಳುವುದರಿಂದ ಆ ಬಲ ಪಟ್ಟಿಯಲ್ಲೇ ಸರಿದೂಗುತ್ತದೆ.

ಟ್ಯಾಂಕ್ ಖಾಲಿ ಇರುವಾಗಲೇ ಈ ಕೆಲಸ. ಸ್ಟ್ಯಾಂಡ್ ರಸಮಟ್ಟದಲ್ಲಿದೆಯಾ ಅಂತಲೂ ಆಗಲೇ ನೋಡಿಬಿಡಿ. ಹಳೆಯ ಸಿಲಿಕಾನನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು ತೆಗೆಯಿರಿ. ಹೊಸ ಸಿಲಿಕಾನ್ ಗಾಜಿಗೆ ಹಿಡಿಯುತ್ತದೆ, ಹಳೆಯ ಸಿಲಿಕಾನಿಗೆ ಹಿಡಿಯುವುದಿಲ್ಲ. ಆಮೇಲೆ ಅಸಿಟೋನ್ ಹಾಕಿ ಒರೆಸಿ, ಆ ಜಾಗ ಮತ್ತೆ ಮುಟ್ಟಬೇಡಿ. ಬೂಷ್ಟು ನಿರೋಧಕ ಅಂತ ಬರೆದಿರುವ ಬಾತ್‌ರೂಮ್ ಸಿಲಿಕಾನ್ ತರಲೇಬೇಡಿ, ಅದರ ಮದ್ದು ಮೀನಿಗೆ ವಿಷ. ಅಕ್ವೇರಿಯಂ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುವುದು ಸಹಜ, ಕಿಟಕಿ ತೆರೆದಿಡಿ.

ಉದ್ದ ಪಟ್ಟಿಗಳ ಕೆಳಗೆ ಮರದ ತುಂಡುಗಳ ಆಸರೆ ಕೊಟ್ಟು ಮಾಸ್ಕಿಂಗ್ ಟೇಪ್ ಹಾಕಿ. ಎರಡು ದಿನ ಬಿಟ್ಟು ಅಡ್ಡಪಟ್ಟಿ ಕೂರಿಸಿ. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದೂ ಅಂಚಿನಿಂದ ಒಳಕ್ಕೆ. ಅಗಲವಾಗಿ ಮುಚ್ಚಿಕೊಂಡ ಜಾಗದಲ್ಲಿ ಅದು ಬಹಳ ನಿಧಾನ. ಟ್ಯೂಬಿನ ಮೇಲೆ 24 ಗಂಟೆ ಅಂತ ಬರೆದಿದ್ದರೂ ಎರಡು ವಾರ ಮುಟ್ಟಬೇಡಿ.

ನಂತರ ಕಾಲು, ಅರ್ಧ, ಮುಕ್ಕಾಲು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತುಂಬಿಸಿ, ಪ್ರತಿ ಸಲ ಒಂದು ರಾತ್ರಿ ಬಿಟ್ಟು ದಾರದ ಸಂದಿ ಅಳೆಯಿರಿ. ಉಬ್ಬು ಪೂರ್ತಿ ಸೊನ್ನೆ ಆಗುವುದಿಲ್ಲ. ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿ ಅಲ್ಲೇ ನಿಂತರೆ ಸಾಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ತಕ್ಷಣ ಖಾಲಿ ಮಾಡಿ. ಧೈರ್ಯ ಸಾಲದಿದ್ದರೆ ನೀರನ್ನು 50 ಸೆಂ.ಮೀ.ಗೆ ನಿಲ್ಲಿಸಿ, ತಳ್ಳಾಟ ಮೂರನೇ ಒಂದರಷ್ಟು ಇಳಿಯುತ್ತದೆ. ಮೀನುಗಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಹಳೆಯ ಟ್ಯಾಂಕಿನ ತಳಕ್ಕೆ ಪೈಪಿಗಾಗಿ ತೂತು ಹಾಕಿಸಬೇಕು. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆದರೆ ಒಡೆಯುತ್ತದಂತೆ. ತಿಳಿಯುವುದು ಹೇಗೆ?

ಉತ್ತರ: ಗಾಜಿನ ಒಂದು ಬದಿಗೆ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಬರೀ ಬಿಳಿ ಮಾಡಿ ಇಡಿ. ಇನ್ನೊಂದು ಬದಿಯಿಂದ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕನ್ನಡಕವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ಕಪ್ಪು ಮಚ್ಚೆಗಳೋ ಬಣ್ಣದ ಪಟ್ಟೆಗಳೋ ಕಂಡರೆ ಅದು ಟಫನ್ಡ್, ಡ್ರಿಲ್ ತಾಗಿದರೆ ಪುಡಿಪುಡಿ. ಎಷ್ಟೋ ಟ್ಯಾಂಕುಗಳಲ್ಲಿ ತಳ ಮಾತ್ರ ಟಫನ್ಡ್ ಇರುತ್ತದೆ, ಹಾಗಾಗಿ ಪಕ್ಕದ ಗಾಜನ್ನೂ ಹೀಗೇ ನೋಡಿ, ಸಾದಾ ಇದ್ದರೆ ತೂತನ್ನು ಅಲ್ಲೇ ಹಾಕಿಸಿ.